ಟೈಗರ್ ಮಾತ್: ರೆಕ್ಕೆ ಹಿಂದಕ್ಕೆ ವಾಲಿದ್ದು ಯಾಕೆ

ಟೈಗರ್ ಮಾತ್ ವಿಮಾನದ, ರಿಮೋಟಿನಿಂದ ಹಾರಿಸುವ ಮಾದರಿ ಕಟ್ಟಲು ಕೂತಾಗ ಅದರ ಬಗ್ಗೆ ನನಗೆ ಗೊತ್ತಿದ್ದದ್ದು ಸ್ವಲ್ಪವೇ. ಮೇಲೊಂದು ಕೆಳಗೊಂದು ರೆಕ್ಕೆ, ತೆರೆದ ಎರಡು ಸೀಟು, ಬ್ರಿಟಿಷ್ ಪೈಲಟ್‌ಗಳು ಹಾರಾಟ ಕಲಿತ ವಿಮಾನ. ಅಸಲಿ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 8.94 ಮೀಟರ್. ಅದರ ಆರನೇ ಒಂದು ಅಳತೆಗೆ, ಅಂದರೆ ಸುಮಾರು ಒಂದೂವರೆ ಮೀಟರಿಗೆ, ಬಾಲ್ಸಾ ಮರದಲ್ಲಿ ಕೆಲಸ ಶುರು ಮಾಡಿದೆ.

ನಕ್ಷೆಯಲ್ಲಿ ರೆಕ್ಕೆಗಳು ತುದಿಯ ಕಡೆ ಹೋಗ್ತಾ ಹಿಂದಕ್ಕೆ ವಾಲಿದ್ದವು. ಹಾಗೆ ಕಟ್ಟೋದು ಕಷ್ಟ, ರೆಕ್ಕೆಗೆ ಆಕಾರ ಕೊಡುವ ಒಂದೊಂದು ಅಡ್ಡಪಟ್ಟಿಯನ್ನೂ (ರಿಬ್ಬು) ಓರೆಯಾಗಿ ಕೂರಿಸಬೇಕು. ಚಂದಕ್ಕೆ ಮಾಡಿರಬೇಕು ಅಂದುಕೊಂಡು ನೇರವಾಗಿಯೇ ಕಟ್ಟಿದೆ. ಪೆಟ್ರೋಲ್ ಟ್ಯಾಂಕ್ ಇರುವ, ಮೇಲಿನ ರೆಕ್ಕೆಯ ನಡು ಭಾಗವನ್ನು ಮಾತ್ರ ನಕ್ಷೆಯಂತೆ ಮುಂದಿನ ಸೀಟಿಗಿಂತ ಮುಂದಕ್ಕೆ ಇಟ್ಟೆ.

ಮೊದಲ ಹಾರಾಟ ಹತ್ತು ಸೆಕೆಂಡೂ ಇರಲಿಲ್ಲ. ನೆಲ ಬಿಟ್ಟ ತಕ್ಷಣ ಮೂತಿ ಮೇಲಕ್ಕೆತ್ತಿತು, ಎಷ್ಟು ಒತ್ತಿದರೂ ಇಳಿಯಲಿಲ್ಲ. ವೇಗ ಸತ್ತು, ಒಂದು ರೆಕ್ಕೆ ಮಡಚಿ ಬಿತ್ತು.

ಯಾಕೆ ಹೀಗಾಯ್ತು ಅಂತ ಹುಡುಕುತ್ತಾ ಹೋದಾಗ 1931ಕ್ಕೆ ಬಂದು ನಿಂತೆ. ಡಿ ಹ್ಯಾವಿಲ್ಯಾಂಡ್ ಕಂಪನಿಯ ಹಿಂದಿನ ಮಾತ್ ವಿಮಾನಗಳಲ್ಲಿ ಟ್ಯಾಂಕು, ಅದನ್ನು ಹೊತ್ತ ಕಂಬಿಗಳು ಮುಂದಿನ ಸೀಟಿನ ತಲೆ ಮೇಲೆಯೇ ಇದ್ದವು. ಅಲ್ಲಿ ಕೂರುತ್ತಿದ್ದವರು ಕಲಿಸುವ ಮೇಷ್ಟ್ರು. ಅಪಾಯ ಬಂದರೆ ಪ್ಯಾರಾಚೂಟ್ ಕಟ್ಟಿಕೊಂಡ ಮನುಷ್ಯ ಆ ಸಂದಿಯಿಂದ ಹಾರಿಕೊಳ್ಳೋದು ಹೇಗೆ? ಬ್ರಿಟಿಷ್ ವಾಯುಪಡೆಗೆ ಅದು ಒಪ್ಪಿಗೆಯಾಗಲಿಲ್ಲ. ಹಾಗಾಗಿ ನಡು ಭಾಗವನ್ನು ಮುಂದಕ್ಕೆ ಸರಿಸಿದರು. ಆಗ ರೆಕ್ಕೆಯ ಎತ್ತುವ ಬಲವೂ ಮುಂದಕ್ಕೆ ಹೋಗಿ ಮೂತಿ ಮೇಲೇಳುವಂತಾಯಿತು, ನನ್ನ ಮಾದರಿಯಲ್ಲಿ ಆದ ಹಾಗೇ. ಅದನ್ನು ಸರಿದೂಗಿಸಲು ರೆಕ್ಕೆಗಳನ್ನು ಹಿಂದಕ್ಕೆ ವಾಲಿಸಿದರು. ಒಬ್ಬ ಮೇಷ್ಟ್ರು ಜೀವ ಉಳಿಸಿಕೊಂಡು ಹೊರಬರಲಿ ಅಂತ ಇಡೀ ವಿಮಾನದ ಆಕಾರವೇ ಬದಲಾಯಿತು, ಅಲ್ವಾ? ನಾನು ಸುಮ್ನೆ ಚಂದಕ್ಕೆ ಅಂದುಕೊಂಡಿದ್ದೆ. 1931ರ ಅಕ್ಟೋಬರ್ 26ರಂದು ಹ್ಯೂಬರ್ಟ್ ಬ್ರಾಡ್ ಇದನ್ನು ಮೊದಲು ಹಾರಿಸಿದರು. ಮುಂದೆ ಎಂಟು ಸಾವಿರಕ್ಕೂ ಜಾಸ್ತಿ ತಯಾರಾದವು.

ಎರಡನೇ ಸಲ ರಿಬ್ಬುಗಳನ್ನು ಓರೆಯಾಗಿಯೇ ಕೂರಿಸಿದೆ, ಪೂರ್ತಿ ಮೂರು ವಾರ ಹಿಡಿಯಿತು. ವಿಮಾನವನ್ನು ಎಡಕ್ಕೆ ಬಲಕ್ಕೆ ವಾಲಿಸುವ ಏಲರಾನ್ ಪಟ್ಟಿಗಳು ಕೆಳ ರೆಕ್ಕೆಗೆ ಮಾತ್ರ. ಅಸಲಿಯಲ್ಲಿ ಒಂದು ಕಡೆಯದು ಚೆನ್ನಾಗಿ ಮೇಲೇಳುತ್ತದೆ, ಇನ್ನೊಂದು ಕಡೆಯದು ಕೆಳಗಿಳಿಯೋದೇ ಕಡಿಮೆ. ಅದನ್ನು ಎಳೆಯುವ ಪುಟ್ಟ ಮೋಟಾರಿನ (ಸರ್ವೋ) ಕೈಯನ್ನು ಸ್ವಲ್ಪ ಓರೆಗೆ ತಿರುಗಿಸಿ ಅದೇ ಚಲನೆ ತಂದೆ.

ನನಗೆ ತುಂಬಾ ಇಷ್ಟವಾದ ಭಾಗ ಮಾತಿನ ಕೊಳವೆ. ಮೇಷ್ಟ್ರ ಬಾಯಿಂದ ಹಿಂದಿನ ಸೀಟಿನ ಶಿಷ್ಯನ ಕಿವಿಗೆ ರಬ್ಬರ್ ಟ್ಯೂಬ್, ಅಷ್ಟೇ. ಕರೆಂಟಿಲ್ಲ, ರೇಡಿಯೋ ಇಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಇಂಗ್ಲೆಂಡಿನ ಗಾಸ್ಪೋರ್ಟ್‌ನಲ್ಲಿ ಸ್ಮಿತ್-ಬ್ಯಾರಿ ಎಂಬ ಪೈಲಟ್ ಆವ್ರೋ 504 ವಿಮಾನದಲ್ಲಿ ಕಲಿಸುತ್ತಿದ್ದರು. ಈ ಟ್ಯೂಬಿಗೆ ಆ ಊರಿನ ಹೆಸರೇ ಉಳಿಯಿತು: ಗಾಸ್ಪೋರ್ಟ್ ಟ್ಯೂಬ್. ನಾನು ಸೈಕಲ್ ವಾಲ್ವ್ ಟ್ಯೂಬಿನ ತುಂಡು ಕತ್ತರಿಸಿ ಎರಡು ಸೀಟುಗಳ ನಡುವೆ ಎಳೆದೆ.

ನಮ್ಮ ವಾಯುಪಡೆಯ ಹುಡುಗರೂ ಟೈಗರ್ ಮಾತ್‌ನಲ್ಲೇ ಕಲಿತರು. ಆಮೇಲೆ ಅದರ ಜಾಗಕ್ಕೆ ಬಂದದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಘಾಟಗೆ ಅವರ ತಂಡ ರೂಪಿಸಿದ ತರಬೇತಿ ವಿಮಾನ ಎಚ್‌ಟಿ-2. ನನ್ನ ಮುಂದಿನ ಮಾದರಿ ಅದೇ.

ಎರಡನೇ ಮಾದರಿ ಮೊನ್ನೆ ಹುಲ್ಲಿನ ಮೇಲಿಂದ ಮೇಲೆದ್ದಿತು. ಮೂತಿ ನೇರವಾಗಿತ್ತು. ಒಂದೇ ಬೊಂಬೆ ಕೂರಿಸಿದ್ದೆ, ಹಿಂದಿನ ಸೀಟಿನಲ್ಲಿ. ಟೈಗರ್ ಮಾತ್‌ನಲ್ಲಿ ಒಬ್ಬರೇ ಹಾರುವಾಗ ಕೂರೋದು ಅಲ್ಲೇ. ಮೇಷ್ಟ್ರ ಸೀಟು ಖಾಲಿ ಇತ್ತು.