ಬೀಗ ಬಿದ್ದ ವ್ಯಾಯಾಮಶಾಲೆಯಲ್ಲಿ ಚೆಂಡೆ ಬಾರಿಸಿದ್ದು

ಮುಂಬೈಯ ಬಿಡಿಡಿ ಚಾಳು ಅಂದರೆ ಸಾಲು ಖೋಲಿಗಳ ಹಳೇ ವಸತಿ ಕಟ್ಟಡ, ಅದರ ಒಂದು ಖೋಲಿ 160 ಚದರ ಅಡಿ. ಬಟ್ಟೆ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಅಷ್ಟರಲ್ಲೇ ಪಾಳಿ ಪಾಳಿಯಲ್ಲಿ ಗಂಡಸರು ಮಲಗಿ ಏಳುತ್ತಿದ್ದರು. ಉಳಿದ ಬದುಕೆಲ್ಲ ಹೊರಗೆ. ಭಜನಾ ಮಂಡಳಿ, ಗಣಪತಿ ಮಂಡಳ, ಕಬಡ್ಡಿ, ಮತ್ತೆ ಗಲ್ಲಿಗೊಂದು ವ್ಯಾಯಾಮಶಾಲೆ. 1982ರ ಜನವರಿ 18ಕ್ಕೆ ಶುರುವಾದ ಮುಷ್ಕರದಲ್ಲಿ ಸುಮಾರು 2.5 ಲಕ್ಷ ಕಾರ್ಮಿಕರಿದ್ದರು. ಮುಷ್ಕರದ ನಂತರ ಗಿರಣಿಗಳು ಮುಚ್ಚುತ್ತಾ ಹೋದವು, ಜನ ಕಲ್ಯಾಣ್, ಬದ್ಲಾಪುರ ಅಂತ ದೂರ ಹೋದರು. ವ್ಯಾಯಾಮಶಾಲೆಗಳಿಗೆ ಬೀಗ ಬಿತ್ತು.

ಗಿರಣಗಾವ್ ಅಂತ ಕರೆಯುವ ಈ ಗಿರಣಿ ಪ್ರದೇಶದ ಅಂಥ ಒಂದು ಕಟ್ಟಡ ನಮ್ಮ ಕೈಗೆ ಬಂತು. ನಾನು ಸಿವಿಲ್ ಕಾಂಟ್ರಾಕ್ಟರ್, ಊರು ಬೈಂದೂರು ಕಡೆ. ಸೊಸೈಟಿಗಳ ರಿಪೇರಿ, ವಾಟರ್‌ಪ್ರೂಫಿಂಗ್ ನನ್ನ ಹೊಟ್ಟೆಪಾಡು. ಯಕ್ಷಗಾನ ನನ್ನ ಹುಚ್ಚು. ನಮ್ಮ ತಂಡದಲ್ಲಿ ಹೋಟೆಲಿನವರು, ಬ್ಯಾಂಕಿನವರು, ಟೀಚರುಗಳು ಇದ್ದಾರೆ. ಪ್ರದರ್ಶನಕ್ಕೇನೋ ಮಾಟುಂಗದ ಮೈಸೂರು ಅಸೋಸಿಯೇಷನ್ ಇದೆ, ಮಾಹಿಮ್‌ನಲ್ಲಿ ಕರ್ನಾಟಕ ಸಂಘ ಇದೆ. ಆದರೆ ವಾರಕ್ಕೆರಡು ಸಲ ತಾಲೀಮು ಮಾಡೋದು ಎಲ್ಲಿ? ಫ್ಲ್ಯಾಟಿನಲ್ಲಿ ಚೆಂಡೆ ಮುಟ್ಟಿದರೆ ಐದೇ ನಿಮಿಷಕ್ಕೆ ವಾಚ್‌ಮನ್ ಬೆಲ್ ಒತ್ತುತ್ತಾನೆ.

ಹಳೇ ಕಟ್ಟಡ ಹಿಡಿಯುವವರು ಎಲ್ಲರೂ ಮೊದಲು ಕೇಳೋದು ಖರ್ಚು ಎಷ್ಟು ಅಂತ. ನಾವು ಮೊದಲು ಕೇಳಿಕೊಂಡದ್ದು ದಿನವೂ ಬಾಗಿಲು ತೆಗೆಯುವವರು ಯಾರು ಅಂತ. ನಮ್ಮ ಕೆಲಸದ ಬುಡ ಇದೇ. ಗಿರಗಾಂವ್ ಹತ್ತಿರದ ರಾಯಲ್ ಒಪೆರಾ ಹೌಸ್ 1993ರಲ್ಲಿ ಮುಚ್ಚಿದ್ದು, ಮತ್ತೆ ತೆರೆದಿದ್ದು 2016ರಲ್ಲಿ. ಕೆಲಸ ನೋಡಿದರೆ ಕಣ್ಣು ತುಂಬುತ್ತದೆ, ಸುಳ್ಳಲ್ಲ. ಆದರೆ ಅದರ ಹಿಂದೆ ಗೊಂಡಲ್ ರಾಜಮನೆತನ ಇತ್ತು, ಆಭಾ ನಾರಾಯಣ್ ಲಾಂಬಾ ಅವರಂಥ ಪಳಗಿದ ವಾಸ್ತುಶಿಲ್ಪಿ ಇದ್ದರು. ನಮ್ಮಂಥವರು ಪೂರ್ತಿ ಮುಗಿಸಿ ಆಮೇಲೆ ಉದ್ಘಾಟನೆ ಅಂತ ಕೂತರೆ ಉದ್ಘಾಟನೆ ಮೊಮ್ಮಕ್ಕಳ ಕಾಲಕ್ಕೇ ಸರಿ. ಹಾಗಾಗಿ ಮಾಡಿನ, ಅಂದರೆ ಚಾವಣಿಯ, ಗಟ್ಟಿ ಬದಿಯ ಕೆಳಗೆ ತಾಲೀಮು, ಕೆಟ್ಟ ಬದಿಗೆ ತಗಡಿನ ಅಡ್ಡಗೋಡೆ ಹಾಕಿ ರಿಪೇರಿ. ಶುರುವಿನಿಂದಲೇ ಬಾಗಿಲು ತೆರೆದಿತ್ತು. ಜನ ಓಡಾಡುವ ಕಟ್ಟಡದಲ್ಲಿ ಎಲ್ಲಿ ಸೋರುತ್ತದೆ, ಎಲ್ಲಿ ಕತ್ತಲೆ, ಯಾವ ಕಿಟಕಿ ಬೇಕೇ ಬೇಕು ಅಂತ ತಾನಾಗಿ ಗೊತ್ತಾಗುತ್ತದೆ. ನಕ್ಷೆ ನೋಡಿದರೆ ಗೊತ್ತಾಗೋದಿಲ್ಲ.

ಕಾಗದಪತ್ರದ ಬಗ್ಗೆ ಸ್ವಲ್ಪ ಹೇಳಬೇಕು. ಕಟ್ಟಡ ಒಂದು ಸಾರ್ವಜನಿಕ ಟ್ರಸ್ಟಿನದ್ದು. ಮಹಾರಾಷ್ಟ್ರದಲ್ಲಿ ಇಂಥ ಟ್ರಸ್ಟುಗಳಿಗೆ 1950ರ ಕಾಯ್ದೆ ಇದೆ. ಕಟ್ಟಡವನ್ನು 3 ವರ್ಷಕ್ಕಿಂತ ಜಾಸ್ತಿ ಗುತ್ತಿಗೆ ಕೊಡಬೇಕಾದರೆ ಚಾರಿಟಿ ಕಮಿಷನರರ ಒಪ್ಪಿಗೆ ಮೊದಲೇ ಬೇಕು. ನಾವು ಆ ಮಿತಿಯೊಳಗೇ ಕರಾರು ಮಾಡಿಕೊಂಡೆವು. ಮಾಲೀಕರು ಅವರೇ, ನಾವು ಜೊತೆಗಾರರು. ನಮ್ಮವರಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. "ಇಷ್ಟು ದುಡ್ಡು ಸುರಿದು ನಾಳೆ ಎಬ್ಬಿಸಿದರೆ?" ಅಂದರು. ಎಬ್ಬಿಸಬಹುದು, ಹೌದು. ಆದರೆ ಜಾಗ ನಮ್ಮ ಹೆಸರಿಗೆ ಬರಲಿ ಅಂತ ಹಟ ಹಿಡಿದಿದ್ದರೆ ಟ್ರಸ್ಟಿನ ಹಿರಿಯರು ನಮಗೆ ಕೀಲಿಕೈ ತೋರಿಸುತ್ತಲೂ ಇರಲಿಲ್ಲ. ಅದಕ್ಕೂ ಮೊದಲು ಒಬ್ಬ ಬಿಲ್ಡರ್ ಬಂದು ಹೋಗಿದ್ದ. ಅವರಿಗೆ ಬೇರೆಯವರ ಮೇಲೆ ನಂಬಿಕೆಯೇ ಹೋಗಿತ್ತು.

ಟ್ರಸ್ಟಿನ ಹಿರಿಯ ಕಾಕಾ ಒಬ್ಬರು ಗಿರಣಿಯಲ್ಲಿ ಮಗ್ಗ ನಡೆಸಿದವರು. ಅವರ ಮೊದಲ ಷರತ್ತು, "ಅಣ್ಣಾ, ಮಾರುತಿ ಹಲಣಾರ ನಾಹಿ." ಗೋಡೆಯ ಗೂಡಿನಲ್ಲಿರುವ ಮಾರುತಿ ಅಲ್ಲಾಡಕೂಡದು. ಎರಡನೆಯದು, ಕುಸ್ತಿಯ ಮಣ್ಣಿನ ಹೊಂಡ ಮುಚ್ಚಕೂಡದು. ಮೂರನೆಯದು, ಸಂಜೆ ಕೇರಂ ಆಡುವವರನ್ನು ಓಡಿಸಕೂಡದು. ಬೋರ್ಡಿನ ಮೇಲಿನ ಹಳೇ ಹೆಸರು ಹಾಗೇ ಇರಲಿ ಅಂತ ನಾವೇ ಹೇಳಿದೆವು.

ಇನ್ನು ಕೆಲಸ. ಮೊದಲು ಮಾಡಿನ ಕೆಲಸ. ಬೇರೆ ಏನನ್ನೂ ಮುಟ್ಟುವ ಮುಂಚೆ ಮಾಡಿನದು. ಮುಂಬೈಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ 2,000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುತ್ತದೆ. ಮೇಲೆ ಸೋರುವಾಗ ಕೆಳಗೆ ಬಣ್ಣ ಬಳಿಯೋದು ದುಡ್ಡನ್ನು ಚರಂಡಿಗೆ ಹಾಕಿದ ಹಾಗೆ. ಒಂದು ಬದಿಯ ಹಂಚು ತೆಗೆದು ಯಾರೋ ಸಿಮೆಂಟ್ ಶೀಟು ಹೊದಿಸಿದ್ದರು, ಅದರ ಮೇಲೆ ನೀಲಿ ತಾಡಪತ್ರಿ. ಇನ್ನೊಂದು ಬದಿ ಮಂಗಳೂರು ಹಂಚು. ಹಂಚು ಇಳಿಸಿ ತಿರುಗಿಸಿ ನೋಡಿದರೆ ಹಿಂದೆ ಕಾರ್ಖಾನೆಯ ಹೆಸರು, ಕೆಳಗೆ ಮಂಗಳೂರು ಅಂತ ಅಚ್ಚು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆಮೇಲೆ ಹಡಗಿನಲ್ಲಿ ಬೊಂಬಾಯಿಗೆ ಎಷ್ಟು ಹಂಚು ಬಂತೋ ಲೆಕ್ಕ ಇಟ್ಟವರು ಯಾರು. ನಮ್ಮ ಅಜ್ಜಂದಿರಿಗಿಂತ ಮೊದಲೇ ನಮ್ಮೂರ ಮಣ್ಣು ಇಲ್ಲಿ ಬಂದು ಮಾಡು ಏರಿತ್ತು. ತಂಡದ ಹುಡುಗರು ಅವತ್ತು ಕೆಲಸ ಬಿಟ್ಟು ಹಂಚಿನ ಫೋಟೋ ಹೊಡೆಯುತ್ತಾ ನಿಂತರು.

ಹಳೇ ಹಂಚನ್ನು ಬಿಸಾಡಬೇಡಿ. ಬೆರಳ ಗಂಟಿನಿಂದ ತಟ್ಟಿ ನೋಡಿ. ಟಣ್ ಅಂದರೆ ಇಟ್ಟುಕೊಳ್ಳಿ, ಬೊದ್ದು ಸದ್ದು ಬಂದರೆ ಒಳಗೆ ಬಿರುಕಿದೆ ಅಂತ ಲೆಕ್ಕ. ಪಾಚಿಯನ್ನು ನಾರಿನ ಬ್ರಷ್ಷಿನಿಂದ ಉಜ್ಜಿದರೆ ಸಾಕು. ಕಡಿಮೆ ಬಿದ್ದದ್ದನ್ನು ಕೆಡವುತ್ತಿದ್ದ ಬೇರೆ ಕಟ್ಟಡಗಳಿಂದ ತಂದೆವು. ಒಂದು ಮಾತು ನೆನಪಿಡಿ, ಬೇರೆ ಬೇರೆ ಕಾರ್ಖಾನೆಯ ಹಂಚು ಒಂದಕ್ಕೊಂದು ಸರಿಯಾಗಿ ಕೂರೋದಿಲ್ಲ. ಹಂಚಿಗೆ ಹಂಚು ಕಚ್ಚುವ ತೋಡು ಒಂದಿಷ್ಟು ಆಚೀಚೆ ಇದ್ದರೂ ಗಾಳಿ ಮಳೆಗೆ ನೀರು ಒಳಗೆ ನುಗ್ಗುತ್ತದೆ. ಅದಕ್ಕೇ ಒಂದು ಬದಿಗೆ ಒಂದೇ ಅಚ್ಚಿನ ಹಂಚು ಅಂತ ವಿಂಗಡಿಸಿದೆವು. ನಡುನಡುವೆ ಗಾಜಿನ ಹಂಚು ಇಟ್ಟದ್ದರಿಂದ ಹಗಲು ದೀಪ ಬೇಡ.

ಹಂಚಿನ ಕೆಳಗಿನ ಮರ ಬರ್ಮಾ ತೇಗ. ಇಳಿಜಾರಿನ ಪಕ್ಕಾಸು ಗಟ್ಟಿಯಿತ್ತು, ಅದರ ಮೇಲೆ ಹಂಚು ಕೂರುವ ರೀಪುಗಳು ಹೋಗಿದ್ದವು. ನಿಜವಾದ ತಲೆನೋವು ದೊಡ್ಡ ತೊಲೆಗಳ ತುದಿ. ಗೋಡೆಯೊಳಗೆ ಹೂತಿರುವ ಕಡೆ ಒದ್ದೆ ಕೂತು ಮರ ಮೆತ್ತಗಾಗಿತ್ತು. ಸ್ಕ್ರೂಡ್ರೈವರ್ ಚುಚ್ಚಿದರೆ ಬೆಣ್ಣೆ. ಕಬ್ಬಿಣದ ಗರ್ಡರ್ ಹಾಕಿ ಮುಗಿಸಿ ಅಂತ ಎಲ್ಲರೂ ಹೇಳಿದರು. ಆದರೆ ಹಾಳಾದದ್ದು ತುದಿ ಮಾತ್ರ, ಉಳಿದದ್ದು ಇನ್ನೂ ನೂರು ವರ್ಷ ಬಾಳುವ ಮರ. ಜಾಕಿ ಕೊಟ್ಟು ಭಾರ ಹಿಡಿದು, ಕೆಟ್ಟ ತುದಿ ಕತ್ತರಿಸಿ, ರೇ ರೋಡಿನಲ್ಲಿ ಸಿಕ್ಕ ಹಳೇ ತೇಗದ ತುಂಡನ್ನು ಓರೆಯಾಗಿ ಜೋಡಿಸಿ ಬೋಲ್ಟು ಬಿಗಿದೆವು. ತುದಿಯ ಸುತ್ತ ಗೋಡೆಯಲ್ಲಿ ಗಾಳಿಯಾಡಲು ಸಂದು ಬಿಟ್ಟೆವು. ಲೆಕ್ಕ ನೋಡಿಕೊಟ್ಟದ್ದು ಸ್ಟ್ರಕ್ಚರಲ್ ಇಂಜಿನಿಯರ್. ಜನ ಸೇರುವ ಜಾಗದಲ್ಲಿ ಇದನ್ನು ಅಂದಾಜಿನ ಮೇಲೆ ಮಾಡಬಾರದು.

ಗೋಡೆಯ ಕಥೆ ಬೇರೆ. ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಗೋಡೆ. ಅದಕ್ಕೆ ಯಾವಾಗಲೋ ಸಿಮೆಂಟ್ ಪ್ಲಾಸ್ಟರ್, ಮೇಲೆ ಆಯಿಲ್ ಪೇಂಟ್. ಸುಣ್ಣದ ಗೋಡೆ ನೆಲದ ತೇವ ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಸಿಮೆಂಟ್ ಮೆತ್ತಿದರೆ ತೇವಕ್ಕೆ ಹೊರಗೆ ಬರಲು ದಾರಿಯಿಲ್ಲ. ಮೇಲಕ್ಕೇರುತ್ತದೆ, ಜೊತೆಗೆ ಉಪ್ಪು ತರುತ್ತದೆ, ಪ್ಲಾಸ್ಟರ್ ಉಬ್ಬಿ ಕಳಚುತ್ತದೆ. ಸಿಮೆಂಟು, ಕೆಮಿಕಲ್ಲು ಬಳಿದೇ ಬದುಕುವ ನಾನು ಇದನ್ನು ಹೇಳೋದು ತಮಾಷೆಯೇ. ಆದರೂ ಸಿಮೆಂಟನ್ನೆಲ್ಲ ಕೆತ್ತಿಸಿ ಒಂದು ಬೇಸಿಗೆ ಪೂರ್ತಿ ಗೋಡೆಯನ್ನು ಬೆತ್ತಲೆ ಬಿಟ್ಟೆವು, ಒಣಗಲಿ ಅಂತ.

ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿ ಸಿಗೋದು ಕಷ್ಟ. ನಮಗೆ ಸಿಕ್ಕವರು ವಿಜಯಪುರ ಕಡೆಯವರು, ಅಪ್ಪನ ಜೊತೆ ವಾಡೆ, ಅಂದರೆ ಹಳೇ ದೊಡ್ಡ ಮನೆಗಳ ರಿಪೇರಿ ಮಾಡಿದ್ದರು. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಡ್ರಮ್ಮಿನಲ್ಲಿ ನೀರಿನಡಿ ವಾರಗಟ್ಟಲೆ ಕೊಳೆಯಲು ಬಿಟ್ಟರು. ಒಂದು ಪಾಲು ಸುಣ್ಣಕ್ಕೆ ಮರಳು, ಇಟ್ಟಿಗೆ ಪುಡಿ ಸೇರಿ ಮೂರು ಪಾಲು. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು. ಬಳಿದ ಮೇಲೆ ಒದ್ದೆ ಗೋಣಿ ಹೊದಿಸಿ ನಿಧಾನ ಒಣಗಿಸಬೇಕು. "ಅವಸರ ಇದ್ರ ಸಿಮೆಂಟ್ ಹಾಕ್ಕೋರಿ, ನನ್ನ ಯಾಕ ಕರೀತೀರಿ" ಅಂತ ನನಗೇ ಗದರಿದ್ದರು.

ನೆಲ ಶಹಾಬಾದ್ ಫರಸಿ, ಅದೂ ನಮ್ಮ ಕಲಬುರಗಿ ಕಡೆಯ ಕಲ್ಲು. ಸುಣ್ಣದ ಜಾತಿಯ ಕಲ್ಲಾದ್ದರಿಂದ ಆಸಿಡ್ ಹಾಕಿ ತೊಳೆಯಬಾರದು, ಮೈ ಕೆಟ್ಟು ಹೋಗುತ್ತದೆ. ಸೋಪು ನೀರು, ನಾರು, ಅಷ್ಟೇ. ಆದರೆ ಕಲ್ಲಿನ ಮೇಲೆ ಧೀಂಗಿಣ, ಅಂದರೆ ಯಕ್ಷಗಾನದ ಸುತ್ತು ಕುಣಿತ, ಹಾಕಿದರೆ ಮಂಡಿ ಉಳಿಯೋದಿಲ್ಲ. ಇಲ್ಲಿ ಕಾಕಾನ ಷರತ್ತೇ ನಮಗೆ ವರವಾಯಿತು. ಕುಸ್ತಿಯ ಹೊಂಡದ ಮೇಲೆ ಬಿಚ್ಚಿ ತೆಗೆಯಬಹುದಾದ ಮರದ ಹಲಗೆಗಳನ್ನು ಜೋಡಿಸಿದೆವು. ಅದೇ ರಂಗಸ್ಥಳ. ಹೊಂಡ ಪೊಳ್ಳು ಇರುವುದರಿಂದ ಗೆಜ್ಜೆಯ ಸದ್ದು ತುಂಬಿ ಬರುತ್ತದೆ, ಕಾಲಿಗೂ ಮೆತ್ತಗೆ. ಬೆಳಗ್ಗೆ ಹಲಗೆ ತೆಗೆದರೆ ಹುಡುಗರ ಕುಸ್ತಿ. ಮಾರುತಿಯ ಮೂಲೆಯೇ ನಮ್ಮ ಚೌಕಿ, ಅಂದರೆ ವೇಷ ಕಟ್ಟುವ ಜಾಗ. ಗಣಪತಿಗೆ ಆರತಿ ಎತ್ತುವಾಗ ಮಾರುತಿಗೂ ಒಂದು ಸುತ್ತು.

ಸದ್ದು ಮಾತ್ರ ತುಂಬ ಕಾಡಿತು. ಖಾಲಿ ಹಾಲಿನಲ್ಲಿ ಚೆಂಡೆಯ ಪೆಟ್ಟು ಗೋಡೆಯಿಂದ ಗೋಡೆಗೆ ಹಾರಿ ಭಾಗವತರ ಪದವನ್ನೇ ನುಂಗುತ್ತಿತ್ತು. ಹಿಂಗೋಡೆಗೆ ಮರದ ಪಟ್ಟಿ, ಅದರ ಹಿಂದೆ ತೆಂಗಿನ ನಾರಿನ ಹಾಸು, ಬದಿಗಳಿಗೆ ದಪ್ಪ ಜಮಖಾನ ತೂಗು ಹಾಕಿದ ಮೇಲೆ ಮಾತು ತಿಳಿಯತೊಡಗಿತು. ರಾತ್ರಿ 10ಕ್ಕೆ ಚೆಂಡೆ ನಿಲ್ಲುತ್ತದೆ, ಚಾಳಿನವರ ಜೊತೆ ನಮ್ಮ ಒಪ್ಪಂದ. ಊರಿನ ಹಾಗೆ ಬೆಳಗಿನ ತನಕ ಇಲ್ಲಿ ನಡೆಯೋದಿಲ್ಲ, ಕಾಲಮಿತಿಯೇ ಗತಿ. ನಾಟಕ ಆಡುವವರಿಗೆ ಇನ್ನೊಂದು ಮಾತು. ಮಹಾರಾಷ್ಟ್ರದಲ್ಲಿ ಸಾರ್ವಜನಿಕ ಪ್ರಯೋಗಕ್ಕೆ ಸ್ಕ್ರಿಪ್ಟನ್ನು ಸರ್ಕಾರದ ಪರಿನಿರೀಕ್ಷಣ ಮಂಡಳಿಗೆ ಕೊಟ್ಟು ಸರ್ಟಿಫಿಕೇಟ್ ಪಡೆಯಬೇಕು. ಕನ್ನಡ ನಾಟಕ ಅಂತ ವಿನಾಯಿತಿ ಇಲ್ಲ. ತಾರೀಖು ಗೊತ್ತು ಮಾಡುವ ಮುಂಚೆ ಅದನ್ನು ನೋಡಿಕೊಳ್ಳಿ.

ವೈರಿಂಗ್ ಪೂರ್ತಿ ಹೊಸದು, ಬಾಗಿಲುಗಳು ಈಗ ಹೊರಕ್ಕೆ ತೆರೆಯುತ್ತವೆ. ಇದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ, ಮಾಡಲೇಬೇಕು.

ಹೇಳಲೇಬೇಕಾದದ್ದು ಶೌಚಾಲಯ. ಗಂಡಸರ ವ್ಯಾಯಾಮಶಾಲೆ, ಹೆಂಗಸರಿಗೆ ಅಂತ ಏನೂ ಇರಲಿಲ್ಲ. ಬಣ್ಣದ ದುಡ್ಡನ್ನು ತಡೆದು ಮೊದಲು ಅದನ್ನು ಕಟ್ಟಿಸಿ ಅಂತ ಪಟ್ಟು ಹಿಡಿದದ್ದು ತಂಡದ ಟೀಚರಮ್ಮ. ಅದಾದ ಮೇಲೆಯೇ ಮಧ್ಯಾಹ್ನದ ಮರಾಠಿ ಭಜನೆಯವರು ಬಂದರು, ಭಾನುವಾರದ ಕನ್ನಡ ಕ್ಲಾಸಿಗೆ ಅಮ್ಮಂದಿರು ಮಕ್ಕಳನ್ನು ಕರೆದುಕೊಂಡು ಬಂದು ಕೂತರು. ಈಗ ವಾರದ ಪಟ್ಟಿಯಲ್ಲಿ ನಮ್ಮ ಯಕ್ಷಗಾನಕ್ಕೇ ಜಾಗ ಕಮ್ಮಿ! ತಂಡದಲ್ಲಿ ಗೊಣಗುವವರು ಇದ್ದಾರೆ. ಇರಲಿ, ಪಟ್ಟಿ ಬರೆಯೋದು ಕಾಕಾ, ಅವರಿಗೆ ಹೇಳುವ ಧೈರ್ಯ ಯಾರಿಗೂ ಇಲ್ಲ.

ಹೊರಗೋಡೆಗೆ ಇನ್ನೂ ಬಣ್ಣ ಆಗಿಲ್ಲ. ದುಡ್ಡು ಕೂಡಿದ ಕೂಡಲೇ ಮೊದಲು ಹಿಂಬದಿಯಲ್ಲಿ ಮಾಡಿನ ನೀರು ಹರಿದು ಹೋಗುವ ದೋಣಿ ಬದಲಿಸಬೇಕು, ಮೇ ಮುಗಿಯುವುದರೊಳಗೆ.