ಅನಿಶಿನಾಬೇ ಪಠ್ಯಕ್ರಮ: ಕ್ರಿಯಾಪದದಿಂದ ಶುರು ಮಾಡಿದ್ದು

ಅನಿಶಿನಾಬೇಮೊವಿನ್ ಅಮೆರಿಕ, ಕೆನಡಾಗಳ ಮಹಾಸರೋವರಗಳ ಸುತ್ತಲಿನ ಅನಿಶಿನಾಬೇ ಜನರ ನುಡಿ. ಒಜಿಬ್ವೆ ಅಂತಲೂ ಕರೆಯುತ್ತಾರೆ. ಮಕ್ಕಳಿಗೆ ಇದನ್ನು ಕಲಿಸಲು ನಾವು ಮಾಡಿದ ಪಠ್ಯಕ್ರಮದ ಮೊದಲ ಕರಡಿನಲ್ಲಿ ಬಣ್ಣ, ಪ್ರಾಣಿ, ಹಣ್ಣುಗಳ ಪಟ್ಟಿಗಳೇ ಇದ್ದವು. ಮಕ್ಕಳಿಗೆ ಹೆಸರುಗಳೆಲ್ಲ ಬಾಯಿಪಾಠ, ವಾಕ್ಯ ಮಾತ್ರ ಬರಲಿಲ್ಲ. ಈ ಭಾಷೆಯ ಜೀವ ಇರುವುದು ಕ್ರಿಯಾಪದದಲ್ಲಿ.

ಆದ್ದರಿಂದ ಪಾಠಗಳನ್ನು ಕೆಲಸದ ಸುತ್ತ ಹೆಣೆದೆವು. ವಸಂತದಲ್ಲಿ ಮೇಪಲ್ ಮರದ ರಸ ಇಳಿಸಿ ಸಿಹಿ ಪಾಕ ಮಾಡುವ ಪಾಠಕ್ಕೆ ಮೂರೇ ಕ್ರಿಯಾಪದ: ಒಝಿಗ’ಇಗೇ (ಮರಕ್ಕೆ ನಳಿಕೆ ಹಾಕುತ್ತಾರೆ), ನಾಡೋಬೀ (ರಸ ತರುತ್ತಾರೆ), ಇಸ್ಕಿಗಮಿಜ಼ಿಗೇ (ಕುದಿಸಿ ಇಂಗಿಸುತ್ತಾರೆ). ಮೊದಲ ವಾರ ಬರೀ ಆಜ್ಞೆ: ‘ನಾಡೋಬೀನ್!’ ಕೇಳಿದ ಮಗು ಬಕೆಟ್ ಹಿಡಿದು ಹೊರಟರೆ ಅರ್ಥವಾಗಿದೆ ಅಂತಲೇ ಲೆಕ್ಕ. ನಾನು, ನೀನು ರೂಪಗಳು ಎರಡನೇ ವಾರಕ್ಕೆ. ಹತ್ತು ಇಂಚಿಗಿಂತ ಕಡಿಮೆ ವ್ಯಾಸದ ಮರಕ್ಕೆ ಕೈ ಹಚ್ಚುವುದಿಲ್ಲ. ರಂಧ್ರದ ಆಳ ಎರಡು ಇಂಚು ದಾಟಬಾರದು. ಕೊರೆಯುವ ಮುಂಚೆ ಮರಕ್ಕೆ ಅಸೇಮಾ, ಅಂದರೆ ಹೊಗೆಸೊಪ್ಪು, ಅರ್ಪಿಸಬೇಕು. ಗಣಿತವೂ ಅಲ್ಲೇ ಇದೆ: ರಸದಲ್ಲಿ ಸಕ್ಕರೆ ಶೇ. 2 ಇದ್ದರೆ, ಈ ಲೆಕ್ಕದ ಸ್ಥಿರ ಸಂಖ್ಯೆ 86ನ್ನು 2ರಿಂದ ಭಾಗಿಸಿ. 1 ಲೀಟರ್ ಪಾಕಕ್ಕೆ ಸುಮಾರು 43 ಲೀಟರ್ ರಸ ಬೇಕು.

ವೇಳಾಪಟ್ಟಿಯಲ್ಲಿ ತಾರೀಕು ಬರೆದರೆ ಕೆಟ್ಟಿತು. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ದಿನಗಳಲ್ಲಷ್ಟೇ ರಸ ಇಳಿಯುತ್ತದೆ. ಉಳಿದ ಪಾಠಗಳು ಅದಕ್ಕೆ ಜಾಗ ಬಿಟ್ಟು ಸರಿಯುವಂತಿರಬೇಕು.

ವ್ಯಾಕರಣದಲ್ಲಿ ಎಲ್ಲರೂ ಎಡವುವುದು ನಾಮಪದಗಳನ್ನು ಚೇತನ, ಅಚೇತನ ಎಂದು ಎರಡು ಗುಂಪು ಮಾಡುವ ಭೇದದಲ್ಲಿ. ‘ಅಸಿನ್ ಬಂಗಿಶಿನ್’ ಅಂದರೆ ಕಲ್ಲು ಬಿತ್ತು. ‘ಮಜ಼ಿನ’ಇಗನ್ ಬಂಗಿಸಿನ್’ ಅಂದರೆ ಪುಸ್ತಕ ಬಿತ್ತು. ಕಲ್ಲು ಚೇತನ, ಅದಕ್ಕೇ ಅಲ್ಲಿ ಶಕಾರ. ‘ಜೀವ ಇರುವುದು, ಇಲ್ಲದ್ದು’ ಎಂದು ವಿವರಿಸಲು ಹೋದರೆ ಆ ವಿವರಣೆ ಹೊಂದುವುದಿಲ್ಲ. ರಾಸ್ಪ್‌ಬೆರಿ ಚೇತನ, ಸ್ಟ್ರಾಬೆರಿ ಅಚೇತನ. ಬಹುವಚನದ ಜೊತೆಗೇ ಪದ ಕಲಿಸಿ: ಮಿಸ್ಕೊಮಿನಗ್, ಒಡೇ’ಇಮಿನನ್. ಕೊನೆಯ ಗ್, ನ್ ಕಿವಿಗೆ ಬಿದ್ದರೆ ಭೇದ ತಾನಾಗಿ ಕೂರುತ್ತದೆ. ‘ನಾವು’ ಎನ್ನಲು ತುಳುವಿನ ನಮ, ಎಂಕುಲು ಹಾಗೆ ಎರಡು ಪದಗಳಿವೆ: ಕೇಳುವವರನ್ನೂ ಸೇರಿಸಿದರೆ ಗೀನವಿಂಡ್, ಬಿಟ್ಟರೆ ನೀನವಿಂಡ್. ಶಿಕ್ಷಕರು ಇದನ್ನು ತಪ್ಪಿದರೆ ತರಗತಿಯನ್ನೇ ಹೊರಗಿಟ್ಟಂತಾಗುತ್ತದೆ.

ಪದಗಳು ಊರಿಂದೂರಿಗೆ ಬದಲಾಗುತ್ತವೆ. ಹಿರಿಯರ ಮಾತನ್ನು ಧ್ವನಿಮುದ್ರಿಸಿ, ಪ್ರತಿ ಪದದ ಪಕ್ಕ ಅವರ ಊರನ್ನೂ ಬರೆದಿಡಿ. ಎಲ್ಲವನ್ನೂ ಒಂದೇ ರೂಪಕ್ಕೆ ತಿದ್ದಲು ಹೋಗಬೇಡಿ.

ಆಡಿಜ಼ೋಕಾನ್ ಎಂಬ ಪವಿತ್ರ ಕಥೆಗಳನ್ನು ನೆಲದ ಮೇಲೆ ಹಿಮ ಇರುವಾಗ ಮಾತ್ರ ಹೇಳುವುದು ರೂಢಿ. ಅವು ಸೆಪ್ಟೆಂಬರ್ ಪಾಠದಲ್ಲಿ ಬರಕೂಡದು. ಹಿಮ ಕರಗಿದಾಗ ಕಥೆ ಅರ್ಧದಲ್ಲಿದ್ದರೂ ಸರಿ, ಉಳಿದದ್ದು ಮುಂದಿನ ಚಳಿಗಾಲಕ್ಕೆ.