ಇಂಗ್ಲೆಂಡಿನಲ್ಲಿ ಡೈವೋರ್ಸ್ ಆಯಿತು, ಕಲಬುರಗಿಯಲ್ಲಿ ಆಯಿತೇ?

ನೌಕರಿ ಇಂಗ್ಲೆಂಡಿನಲ್ಲಿ, ಹೆಂಡತಿ ಅಥವಾ ಗಂಡ ಕಲಬುರಗಿಯಲ್ಲೋ ಬೀದರಿನಲ್ಲೋ. ಸಂಸಾರ ಮುರಿದಿದೆ. ಇಂಥವರು ಮೊದಲು ಕೇಳುವುದು ಒಂದೇ ಮಾತು: "ಇಲ್ಲೇ ಡೈವೋರ್ಸ್ ಹಾಕಬಹುದೇನ್ರಿ?" ಹಾಕಬಹುದು, ಸಲೀಸಾಗಿ ಸಿಗುತ್ತದೆ ಕೂಡ. ತಲೆನೋವು ಶುರುವಾಗುವುದು ಆಮೇಲೆ.

2022ರ ಏಪ್ರಿಲ್ 6ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಯಾರ ತಪ್ಪನ್ನೂ ಸಾಬೀತು ಮಾಡಬೇಕಿಲ್ಲ. ಮದುವೆ ಸರಿಹೋಗದಷ್ಟು ಮುರಿದಿದೆ ಎಂದು ಬರೆದುಕೊಟ್ಟರೆ ಸಾಕು. ಎದುರಿನವರು 'ನನಗೆ ಬೇಡ' ಅಂದ ಮಾತ್ರಕ್ಕೆ ಅರ್ಜಿ ನಿಲ್ಲುವುದಿಲ್ಲ. ಮದುವೆಯಾಗಿ ವರ್ಷ ಕಳೆದಿರಬೇಕು. ನೀವು ಇಲ್ಲಿ ನೆಲೆಸಿ ಒಂದು ವರ್ಷವಾಗಿದ್ದರೆ, ಸಂಗಾತಿ ಈ ನೆಲ ಮೆಟ್ಟಿರದಿದ್ದರೂ ಇಲ್ಲಿನ ಕೋರ್ಟು ಅರ್ಜಿ ತೆಗೆದುಕೊಳ್ಳುತ್ತದೆ. ಸರ್ಕಾರಿ ವೆಬ್‌ಸೈಟಿನಲ್ಲೇ ಅರ್ಜಿ, ಶುಲ್ಕ 600 ಪೌಂಡಿನ ಆಸುಪಾಸು. ದಾಖಲಾದ 20 ವಾರಕ್ಕೆ ಕಂಡೀಷನಲ್ ಆರ್ಡರ್, ಅಂದರೆ ಡೈವೋರ್ಸ್ ಕೊಡಲು ಅಡ್ಡಿಯಿಲ್ಲ ಎಂಬ ಮೊದಲ ಹಂತದ ಆದೇಶ, ಕೇಳಬಹುದು. ಅದು ಬಂದು ಆರು ವಾರ ಒಂದು ದಿನ ಕಳೆದರೆ ಫೈನಲ್ ಆರ್ಡರ್ ಕೇಳಬಹುದು, ಮದುವೆ ಮುಗಿಯುವುದು ಅದು ಬಂದಾಗಲೇ. ಸ್ಕಾಟ್ಲೆಂಡಿನಲ್ಲಿರುವವರಿಗೆ ಕಾನೂನೇ ಬೇರೆ.

ಅರ್ಜಿಯಲ್ಲಿ ಹೆಸರು, ಊರು ಎಲ್ಲವೂ ಮದುವೆ ಸರ್ಟಿಫಿಕೇಟಿನಲ್ಲಿ ಇದ್ದ ಹಾಗೇ ಇರಬೇಕು. 2014ರ ನವೆಂಬರ್ 1ಕ್ಕೆ ಮೊದಲಿನ ಸರ್ಟಿಫಿಕೇಟಾದರೆ ಅದರಲ್ಲಿ 'ಗುಲ್ಬರ್ಗಾ' ಅಂತಲೇ ಇರುತ್ತದೆ, ಈಗಿನ ಪಾಸ್‌ಪೋರ್ಟಿನಲ್ಲಿ 'ಕಲಬುರಗಿ'. ತಿದ್ದಲು ಹೋಗಬೇಡಿ, ಸರ್ಟಿಫಿಕೇಟಿನಲ್ಲಿರುವುದನ್ನೇ ತುಂಬಿ. ಕನ್ನಡದ ಸರ್ಟಿಫಿಕೇಟಿಗೂ ಉರ್ದು ನಿಕಾಹ್‌ನಾಮೆಗೂ ದೃಢೀಕರಿಸಿದ ಇಂಗ್ಲಿಷ್ ಅನುವಾದ ಬೇಕು. ಲಗ್ನಪತ್ರಿಕೆ, ಮದುವೆ ಆಲ್ಬಮ್ ಬಿಟ್ಟು ಬೇರೇನೂ ಇಲ್ಲದವರು ಮೊದಲು ಊರಿನ ಸಬ್‌ರಿಜಿಸ್ಟ್ರಾರ್ ಕಚೇರಿಯ ದಾರಿ ಹಿಡಿಯಬೇಕು.

ಮುಂದಿನ ತೊಡಕು ನೋಟಿಸಿನದು. ಸಂಗಾತಿ ಹೊರದೇಶದಲ್ಲಿದ್ದರೆ ಕಾಗದ ತಲುಪಿಸುವ ಹೊಣೆ ನಿಮ್ಮದೇ. ಹಾಗಂತ ವಾಟ್ಸಾಪಿನಲ್ಲಿ ಕಳಿಸಿ ಎರಡು ನೀಲಿ ಗೆರೆ ಬಿದ್ದವು ಅಂದುಕೊಂಡು ಕೂರುವ ಹಾಗಿಲ್ಲ. ಒಂದು ದೇಶದ ಕೋರ್ಟಿನ ಕಾಗದವನ್ನು ಇನ್ನೊಂದು ದೇಶದಲ್ಲಿ ತಲುಪಿಸುವ ಹೇಗ್ ಸರ್ವಿಸ್ ಒಪ್ಪಂದ ಭಾರತದಲ್ಲಿ 2007ರಿಂದ ಜಾರಿಯಲ್ಲಿದೆ, ಆದರೆ ಹೊರದೇಶದ ಕೋರ್ಟಿನ ಕಾಗದ ನೇರ ಅಂಚೆಯಲ್ಲಿ ಬರುವುದನ್ನು ಭಾರತ ಒಪ್ಪಿಲ್ಲ. ದೆಹಲಿಯ ಕಾನೂನು ಸಚಿವಾಲಯಕ್ಕೆ ಹೋಗಿ, ಅಲ್ಲಿಂದ ಜಿಲ್ಲಾ ಕೋರ್ಟಿಗೆ ಬಂದು, ಕೊನೆಗೆ ಕೋರ್ಟಿನ ಅಮೀನ ಮನೆ ಬಾಗಿಲು ತಟ್ಟಬೇಕು. ತಿಂಗಳುಗಟ್ಟಲೆ ಹಿಡಿಯುತ್ತದೆ.

ಇಷ್ಟೆಲ್ಲ ಮಾಡಿ ಆರ್ಡರ್ ಕೈಗೆ ಬಂತು ಅನ್ನಿ. ಅದನ್ನು ಭಾರತ ಒಪ್ಪುತ್ತದೆಯೇ ಎಂಬುದಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಕಲಮು ಇದೆ; ವೈ. ನರಸಿಂಹರಾವ್ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಡಿಸಿ ಹೇಳಿದೆ. ನಿಮ್ಮ ಮದುವೆ ಯಾವ ಕಾನೂನಿನಡಿ ಆಗಿದೆಯೋ ಅದರಲ್ಲಿರುವ ಕಾರಣಕ್ಕೇ ಡೈವೋರ್ಸ್ ಆಗಿರಬೇಕು, ಎದುರಿನವರು ಮನಸಾರೆ ಆ ಕೋರ್ಟಿಗೆ ಒಳಪಟ್ಟು ವಾದಿಸಿರಬೇಕು. ಇಲ್ಲವೇ ಒಪ್ಪಿಗೆ ಕೊಟ್ಟಿರಬೇಕು. ನಮ್ಮ ಭಾಗದ ಲಿಂಗಾಯತರು ಕೆಲವರು 'ನಮಗೆ ಹಿಂದೂ ವಿವಾಹ ಕಾಯ್ದೆ ಬರಲ್ಲ' ಅನ್ನುವುದುಂಟು. ಕಾಯ್ದೆಯ 2ನೇ ಕಲಮಿನಲ್ಲೇ ವೀರಶೈವ, ಲಿಂಗಾಯತ ಎಂದು ಹೆಸರಿಸಿದೆ, ನೋಡಿಕೊಳ್ಳಿ. 'ಮದುವೆ ಮುರಿದಿದೆ' ಎಂಬುದೊಂದೇ ಆ ಕಾಯ್ದೆಯಲ್ಲಿ ಕಾರಣವಲ್ಲ. ಹಾಗಾಗಿ ಎಕ್ಸ್‌ಪಾರ್ಟಿ ಆರ್ಡರ್ (ಎದುರಿನವರು ಹಾಜರಾಗದೆ ಆದದ್ದು) ನಂಬಿ ಊರಿಗೆ ಬಂದು ಎರಡನೇ ಮದುವೆಯಾದರೆ ದ್ವಿಪತ್ನಿತ್ವದ ಕೇಸು ಬೀಳಬಹುದು. ಏಳು ವರ್ಷದವರೆಗೆ ಶಿಕ್ಷೆ ಇದೆ. ನಾಳೆ ತೊಗರಿ ಹೊಲದ ಪಹಣಿಗೆ ವಾರಸುದಾರರ ಹೆಸರು ಸೇರಿಸುವಾಗ ಮೊದಲನೇ ಹೆಂಡತಿಯೇ ಎದುರು ನಿಲ್ಲುತ್ತಾಳೆ.

ಇಬ್ಬರಿಗೂ ಒಪ್ಪಿಗೆ ಇದ್ದರೆ ಇಂಗ್ಲೆಂಡಿನಲ್ಲೇ ಜಂಟಿ ಅರ್ಜಿ ಹಾಕಬಹುದು, ದೆಹಲಿಯ ಸುತ್ತು ತಪ್ಪುತ್ತದೆ. ಆದರೂ ನನ್ನ ಓಟು ಊರಿನ ಫ್ಯಾಮಿಲಿ ಕೋರ್ಟಿಗೇ. ವರ್ಷದಿಂದ ಬೇರೆ ಇದ್ದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಪರಸ್ಪರ ಒಪ್ಪಿಗೆಯ ಅರ್ಜಿ ಹಾಕಬಹುದು. ಆರು ತಿಂಗಳ ಕಾಯುವಿಕೆಯನ್ನು ಕೋರ್ಟು ಮನ್ನಾ ಮಾಡಬಹುದು ಎಂದು 2017ರಲ್ಲೇ ತೀರ್ಪು ಬಂದಿದೆ. ಅಣ್ಣನಿಗೋ ಕಾಕಾನಿಗೋ ಮುಖ್ತ್ಯಾರ್‌ನಾಮೆ (ಪವರ್ ಆಫ್ ಅಟಾರ್ನಿ) ಬರೆದುಕೊಡಿ, ವಿಡಿಯೋ ಮೂಲಕ ಹಾಜರಾಗಲು ವಕೀಲರಿಂದ ಅನುಮತಿ ಕೇಳಿಸಿ. ಮುಖ್ತ್ಯಾರ್‌ನಾಮೆ ನೋಟರಿ ಮಾಡಿಸಿ ಅಪೊಸ್ಟಿಲ್ (ಹೊರದೇಶದಲ್ಲಿ ಒಪ್ಪುವಂತೆ ಬ್ರಿಟಿಷ್ ಸರ್ಕಾರ ಹಾಕುವ ದೃಢೀಕರಣ) ಹಾಕಿಸಬೇಕು, ಅಥವಾ ಲಂಡನ್ನಿನ ಭಾರತೀಯ ಹೈಕಮಿಷನ್‌ನಲ್ಲಿ ದೃಢೀಕರಿಸಬೇಕು. ಕರ್ನಾಟಕಕ್ಕೆ ತಲುಪಿದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟದಿದ್ದರೆ ದಂಡ. ಆ ಕಾಗದ ಕಪಾಟಿನಲ್ಲಿ ಕೊಳೆಯುತ್ತಿದ್ದರೆ ಕಾಕಾ ಕೋರ್ಟಿಗೆ ಹೋಗಿ ಬರಿಗೈಲಿ ಬರುತ್ತಾರೆ.

ಊರ ಹಿರಿಯರು ಬೈಠಕ್ ಮಾಡಿ ಬಾಂಡ್ ಪೇಪರ್ ಮೇಲೆ ಬರೆಸಿದ್ದನ್ನು ಇಂಗ್ಲೆಂಡಿನ ಕೋರ್ಟಿಗೆ ತರಬೇಡಿ. ಇಂಗ್ಲೆಂಡಿನಲ್ಲಿ ಕೂತು ಫೋನಿನಲ್ಲಿ ಹೇಳಿದ ತಲಾಖನ್ನೂ ಇಲ್ಲಿ ಡೈವೋರ್ಸ್ ಎಂದು ಒಪ್ಪುವುದಿಲ್ಲ. ತ್ರಿವಳಿ ತಲಾಖ್ ಆದರೆ 2019ರಿಂದ ಭಾರತದಲ್ಲಿ ಅಪರಾಧ.

ಇನ್ನು ಊರಿನಲ್ಲಿದ್ದು ಇಂಗ್ಲೆಂಡಿನ ಕಾಗದ ಕೈಗೆ ಬಂದ ಅಕ್ಕತಂಗಿಯರಿಗೆ: ಅವಸರಕ್ಕೆ ಸಹಿ ಹಾಕಬೇಡಿ, ಹಾಗಂತ ಕಸಕ್ಕೂ ಎಸೆಯಬೇಡಿ. ನೀವು ಸುಮ್ಮನಿದ್ದರೂ ಅಲ್ಲಿ ಆರ್ಡರ್ ಆಗಿಬಿಡುತ್ತದೆ. ಆದರೆ ಡೈವೋರ್ಸ್ ಆದರೂ ಅವರ ಮನೆ, ಪೆನ್ಷನ್‌ನಲ್ಲಿ ನಿಮ್ಮ ಹಕ್ಕು ತಾನಾಗಿ ಮುಗಿಯುವುದಿಲ್ಲ, ಅದಕ್ಕೆ ಬೇರೆಯೇ ಅರ್ಜಿ ಇದೆ. ನೀವು ಮರುಮದುವೆಯಾಗುವ ಮೊದಲೇ ಅದನ್ನು ಹಾಕಿಡಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಕಾಗದ ಬಂದ ಲಕೋಟೆಯನ್ನೂ ಜೊತೆಗೆ ಒಯ್ಯಿರಿ, ಅದರ ಮೇಲಿನ ತಾರೀಕು ಬೇಕಾಗುತ್ತದೆ.